ಹೋಂಸ್ಟೇಯಲ್ಲಿ ನಾಯಿ ಮಾಡಿದ ರಾದ್ಧಾಂತ

ಪ್ರಶ್ನೆ: ನಮ್ಮಲ್ಲಿ ಮೂರು ವರ್ಷದ ಗಂಡು ಲ್ಯಾಬ್ರಡಾರ್ ಇದ್ದಾನೆ. ಮನೆಯಲ್ಲಿ ಯಾವ ತಂಟೆಯನ್ನೂ ಮಾಡಿದವನಲ್ಲ. ಕಳೆದ ಜನವರಿಯಲ್ಲಿ, ಸಾಕುಪ್ರಾಣಿಗಳಿಗೆ ಅವಕಾಶವಿದೆಯೆಂದು ಕೇಳಿಕೊಂಡೇ, ಮಡಿಕೇರಿ ಸಮೀಪದ ಹೋಂಸ್ಟೇ ಒಂದಕ್ಕೆ ಅವನನ್ನು ಕರೆದೊಯ್ದಿದ್ದೆವು. ತಲುಪಿದ ದಿನವೇ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ತಲಕಾವೇರಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿನ ಕೆಳಭಾಗವನ್ನು ಪರಚಿ, ನಮ್ಮ ಹಾಸಿಗೆಯ ಮೇಲೆ ಮೂತ್ರ ಮಾಡಿದ್ದ. ನಮ್ಮ ಯಜಮಾನರು ಗದರಿದಾಗ ತಪ್ಪಿತಸ್ಥನಂತೆ ತಲೆ ತಗ್ಗಿಸಿದ. ರಾತ್ರಿಯೆಲ್ಲ ಬೊಗಳಿದ. ಮರುದಿನ ಕಣದಲ್ಲಿ ಹರವಿದ್ದ ಕಾಫಿಯ ಮೇಲೆಯೇ ಓಡಿ ಕೋಳಿಗಳನ್ನು ಅಟ್ಟಿದ. ಮಾಲೀಕರು ಎದುರಿಗೆ ಏನೂ ಅನ್ನದಿದ್ದರೂ ಡಿಪಾಸಿಟ್‌ನಲ್ಲಿ 4,000 ರೂಪಾಯಿ ಹಿಡಿದುಕೊಂಡರು. ಹಾಸಿಗೆಯ ವಿಷಯವನ್ನು ಹೇಳದೆ, ಹೊದಿಕೆ ಮುಚ್ಚಿ ಬಂದದ್ದು ನನ್ನ ಮನಸ್ಸನ್ನು ಕೊರೆಯುತ್ತಿದೆ. ಅವನು ಸೇಡಿಗಾಗಿ ಹೀಗೆ ಮಾಡಿದನೆ? ಡಿಸೆಂಬರ್ ರಜೆಯಲ್ಲಿ ಅವನನ್ನು ಮತ್ತೆ ಕರೆದೊಯ್ಯಬಹುದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮನಸ್ಸನ್ನು ಕೊರೆಯುತ್ತಿರುವ ವಿಷಯವನ್ನೇ ಮೊದಲು ಮುಗಿಸೋಣ. ಇಂದೇ ಆ ಮಾಲೀಕರಿಗೆ ಫೋನ್ ಮಾಡಿ, ಹಾಸಿಗೆಯೂ ಹಾಳಾಗಿತ್ತು, ಹೇಳದೆ ಬಂದದ್ದು ತಪ್ಪಾಯಿತು, ಖರ್ಚು ಎಷ್ಟಾಯಿತೆಂದು ತಿಳಿಸಿ ಎಂದು ನೇರವಾಗಿ ಹೇಳಿ. ಬಾಗಿಲು ಕಣ್ಣಿಗೆ ಕಾಣುತ್ತದೆ, ಬಡಗಿ ಬಂದು ಸರಿಪಡಿಸುತ್ತಾನೆ. ಹೊದಿಕೆಯ ಅಡಿಯಲ್ಲಿ ಮುಚ್ಚಿಟ್ಟ ಒದ್ದೆ ಮಾತ್ರ ಹತ್ತಿಯೊಳಕ್ಕೆ ಇಳಿದು ವಾಸನೆ ಹಿಡಿಯುತ್ತದೆ, ಮುಂದಿನ ಅತಿಥಿಯ ಎದುರು ಆ ಮನೆಯವರು ತಲೆ ತಗ್ಗಿಸಬೇಕಾಗುತ್ತದೆ. ಹಿಡಿದುಕೊಂಡ ಹಣ ಯಾವ ಯಾವ ಬಾಬ್ತಿಗೆ ಎಂದು ಕೇಳುವ ಹಕ್ಕು ನಿಮಗಿದೆ, ಆದರೆ ಹಾಸಿಗೆಯ ಮಾತನ್ನು ಆಡಿದ ಮೇಲಷ್ಟೇ ಅದನ್ನು ಕೇಳುವುದು ಸರಿ.

ಇನ್ನು ಸೇಡಿನ ಪ್ರಶ್ನೆ. ಖಂಡಿತ ಅಲ್ಲ. ಪರಚಿದ ಗುರುತುಗಳು ಎಲ್ಲಿದ್ದವೆಂದು ನೆನಪಿಸಿಕೊಳ್ಳಿ: ಮಂಚಕ್ಕೂ ಅಲ್ಲ, ಕುರ್ಚಿಗೂ ಅಲ್ಲ, ನೀವು ಹೊರಗೆ ಹೋದ ಬಾಗಿಲಿಗೆ. ಹಾಳುಮಾಡುವ ಹುರುಪಿನ ನಾಯಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಒಂಟಿತನಕ್ಕೆ ಹೆದರಿದ ನಾಯಿ ಬಾಗಿಲು, ಕಿಟಕಿಗಳ ಬಳಿಯೇ ಹೋರಾಡುತ್ತದೆ. ಪರಿಚಯವಿಲ್ಲದ ಆ ಕೋಣೆಯಲ್ಲಿ ನಿಮ್ಮ ಮೈವಾಸನೆ ಇದ್ದ ಜಾಗವೆಂದರೆ ಹಾಸಿಗೆ. ಅವನು ಅಲ್ಲಿ ಹೋಗಿ ಕುಳಿತಿರಬೇಕು, ಭಯದಲ್ಲಿ ಮೂತ್ರ ತಡೆಯಲಾಗಿಲ್ಲ. ತಲೆ ತಗ್ಗಿಸಿದ್ದನ್ನು ಪಶ್ಚಾತ್ತಾಪವೆಂದು ತಿಳಿಯಬೇಡಿ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತಪ್ಪನ್ನೂ ಮಾಡದ ನಾಯಿಗಳು ಕೂಡ ಯಜಮಾನರು ಗದರಿದಾಗ ಅದೇ ಮುಖಭಾವವನ್ನು ತೋರಿದವು. ಅದು ನಿಮ್ಮ ಸಿಟ್ಟಿಗೆ ಕೊಟ್ಟ ಉತ್ತರ. ಗಂಟೆಗಳ ಹಿಂದಿನ ಕೃತ್ಯಕ್ಕೂ ಈಗಿನ ಗದರಿಕೆಗೂ ಅವನು ನಂಟು ಕಟ್ಟಲಾರ. ನೀವು ಮರಳಿ ಬರುವುದಕ್ಕೂ ಹೆದರಬೇಕೆಂಬುದಷ್ಟೇ ಅವನು ಕಲಿಯುವ ಪಾಠ.

ಆದ್ದರಿಂದ ನನ್ನ ಸಲಹೆ ಒಂದೇ: ಹೊಸ ಜಾಗದಲ್ಲಿ ಮೊದಲ ದಿನ ನಾಯಿಯನ್ನು ಒಂಟಿಯಾಗಿ ಬಿಡಲೇಬೇಡಿ. ತಲುಪಿದ ಕೂಡಲೇ ಬೆಲ್ಟು ಹಾಕಿ ಅಂಗಳವನ್ನು ಸುತ್ತಾಡಿಸಿ, ಮೂತ್ರ ಮಾಡಿಸಿ, ಅನಂತರ ಒಳಗೆ ಕರೆದುಕೊಳ್ಳಿ. ಮನೆಯಲ್ಲಿ ಅವನು ಮಲಗುವ ಚಾಪೆಯನ್ನು ಒಗೆಯದೆ ಹಾಗೆಯೇ ಒಯ್ದು ನಿಮ್ಮ ಮಂಚದ ಪಕ್ಕದಲ್ಲಿ ಹಾಸಿ. ತೋಟದ ರಾತ್ರಿ ನಗರದ ನಾಯಿಗೆ ಮೌನವಲ್ಲ, ಪರಿಚಯವಿಲ್ಲದ ಸದ್ದುಗಳ ಸಂತೆ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಹತ್ತಿರ ಮಲಗಿಸಿಕೊಂಡರೆ ಬೊಗಳುವುದು ಬಹಳಷ್ಟು ಇಳಿಯುತ್ತದೆ. ಬೊಗಳುತ್ತಾನೆಂದು ಮಾತ್ರ ಹೊರಗೆ ಕಟ್ಟಿಹಾಕಬೇಡಿ. ಮಲೆನಾಡಿನಲ್ಲೂ ಕೊಡಗಿನಲ್ಲೂ ಚಿರತೆ ಅಂಗಳದಿಂದಲೇ ನಾಯಿಯನ್ನು ಹೊತ್ತೊಯ್ದ ಪ್ರಸಂಗಗಳಿವೆ.

ಕಣದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಒಣಗಲು ಹರವಿದ ಕಾಫಿ ಆ ಮನೆಯ ವರ್ಷದ ದುಡಿಮೆ. ದಿನವೂ ಅದನ್ನು ಕೈಯಾಡಿಸಿ, ಸಂಜೆ ರಾಶಿ ಮಾಡಿ, ಇಬ್ಬನಿಗೆ ಮುಚ್ಚಿ ಕಾಯುತ್ತಾರೆ. ನೀವು ಮತ್ತೆ ಹೋಗಬೇಕೆಂದಿರುವ ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ, ಕಣ ತುಂಬಿರುತ್ತದೆ. ಲ್ಯಾಬ್ರಡಾರ್‌ಗೆ ಓಡುವ ಕೋಳಿಯನ್ನು ಕಂಡೂ ಸುಮ್ಮನಿರು ಎಂದರೆ ಆಗುವುದಿಲ್ಲ. ಕೋಣೆಯ ಬಾಗಿಲು ತೆರೆಯುವ ಮುಂಚೆಯೇ ಬೆಲ್ಟು ನಿಮ್ಮ ಕೈಯಲ್ಲಿರಲಿ. ಮಾಲೀಕರ ನಾಯಿಗಳಿದ್ದರೆ ಪರಿಚಯವನ್ನು ಗೇಟಿನ ಹೊರಗೆ ಮಾಡಿಸಿ.

ಅಷ್ಟಾಗಿಯೂ ಒಳಗೆ ಮೂತ್ರ ಮಾಡಿದರೆ, ಉಜ್ಜದೆ ಒಣಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ, ತಣ್ಣೀರು ಚಿಮುಕಿಸಿ ಮತ್ತೆ ಒತ್ತಿ, ಸಾಕುಪ್ರಾಣಿ ಅಂಗಡಿಗಳಲ್ಲಿ ದೊರೆಯುವ ಕಿಣ್ವಯುಕ್ತ ದ್ರಾವಣವನ್ನು ಹಾಕಿ. ಫಿನೈಲ್ ವಾಸನೆ ನಮ್ಮ ಮೂಗನ್ನು ಮೋಸಗೊಳಿಸುತ್ತದೆಯೇ ಹೊರತು ನಾಯಿಯದನ್ನಲ್ಲ. ಅವನು ಮತ್ತೆ ಅಲ್ಲಿಯೇ ಬರುತ್ತಾನೆ.

ಡಿಸೆಂಬರ್‌ಗೆ ಕರೆದೊಯ್ಯಿರಿ, ಆದರೆ ಅದಕ್ಕೆ ಮುಂಚೆ ಬಂಧುಗಳ ಮನೆಯೊಂದರಲ್ಲಿ ಅಭ್ಯಾಸ ಮಾಡಿಸಿ. ಅಲ್ಲಿ ಎರಡು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಐದು, ಆಮೇಲೆ ಹದಿನೈದು, ಹೀಗೆ ದಿನಗಳ ಮೇಲೆ ಹೆಚ್ಚಿಸಿ. ಹೋಗುವಾಗಲೂ ಬಂದಾಗಲೂ ಮುದ್ದಾಟ ಬೇಡ. ಜೊಲ್ಲು ಸುರಿಸುವುದು, ಏದುಸಿರು, ಬಾಗಿಲು ಪರಚುವುದು ಕಂಡರೆ ಹಿಂದಿನ ಹಂತಕ್ಕೆ ಮರಳಿ, ಕಡಿಮೆಯಾಗದಿದ್ದರೆ ಪಶುವೈದ್ಯರಿಗೆ ತೋರಿಸಿ. ಅರ್ಧ ಗಂಟೆಯನ್ನೂ ಅವನು ತಾಳಲಾರನೆಂದು ಗೊತ್ತಾದರೆ, ಸುತ್ತಾಡಲು ಸರದಿಯಂತೆ ಹೋಗಿ ಬನ್ನಿ, ಒಬ್ಬರು ಅವನ ಬಳಿ ಉಳಿಯಿರಿ.