ಅಂಜೂರದ ಎಲೆಯಡಿ ಓಡಾಡುವ ಆ ಚುಕ್ಕಿ ಯಾವುದು?

ಕೋಲಾರದಲ್ಲಿ ನಿಮ್ಮ ಹಿತ್ತಲಿನ ಎರಡು ಅಂಜೂರದ ಗಿಡಗಳ ಎಲೆ ಮೇಲೆಲ್ಲ ಸೂಜಿ ಚುಚ್ಚಿದ ಹಾಗೆ ಹಳದಿ ಚುಕ್ಕಿ ಬಂದಿದೆ, ಅಡಿಯಲ್ಲಿ ಧೂಳಿನಂಥದ್ದು ಏನೋ ಓಡಾಡುತ್ತದೆ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಈಗಲೇ ಏನೂ ಹೊಡೆಯಬೇಡಿ. ಮೊದಲು ಒಂದು ಬಿಳಿ ಹಾಳೆ ತಗೊಳ್ಳಿ.

ನಾನು ಶಿಡ್ಲಘಟ್ಟದ ಕಡೆಯವನು. ಮನೆ ಹಿಂದೆ ನಾಲ್ಕು ಅಂಜೂರ ಇವೆ. ನಾನು ಮಾಡೋದು ಇಷ್ಟೇ: ಬೆಳಗ್ಗೆ ಹಾಳೆಯನ್ನು ಎಲೆಯಡಿ ಹಿಡಿದು ಎಲೆಯನ್ನು ಎರಡು ಸಲ ತಟ್ಟುತ್ತೇನೆ. ಬಿದ್ದ ಧೂಳನ್ನು ಒಂದು ನಿಮಿಷ ಸುಮ್ನೆ ನೋಡುತ್ತೇನೆ. ಧೂಳು ಧೂಳಾಗಿಯೇ ಬಿದ್ದಿರುತ್ತದೆ, ಅದರ ನಡುವೆ ಒಂದೊಂದು ಚುಕ್ಕಿ ನಿಧಾನಕ್ಕೆ ನಡೆಯೋಕೆ ಶುರು ಮಾಡುತ್ತದೆ. ಅದೇ ಜೇಡ ನುಸಿ. ಎಲೆಯ ನರಗಳ ಸಂದಿಯಲ್ಲಿ ತೆಳ್ಳಗೆ ಬಲೆಯೂ ಇದ್ದರೆ ಅನುಮಾನವೇ ಬೇಡ. ಅದರ ಜೊತೆ ಸರಸರ ಅಂತ ಓಡುವ ಒಂದೆರಡು ಕಂಡರೆ ಖುಷಿಪಡಿ. ಸಾಮಾನ್ಯವಾಗಿ ಅವು ಈ ನುಸಿಯನ್ನೇ ತಿನ್ನುವ ಇನ್ನೊಂದು ಜಾತಿಯ ನುಸಿಗಳು.

ಜೇಡ ನುಸಿಗೆ ಎಂಟು ಕಾಲು. ಕೀಟದ ಜಾತಿಯಲ್ಲ, ಜೇಡದ ನೆಂಟ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಗೊಬ್ಬರದಂಗಡಿಗೆ ಹೋಗಿ 'ಹುಳ ಬಿದ್ದಿದೆ' ಅಂದೆ. ಅವರು ಹುಳಕ್ಕೆ ಹೊಡೆಯುವ ಔಷಧಿಯನ್ನೇ ಕೊಟ್ಟರು. ಹೊಡೆದೆ. ಗುಲಗಂಜಿ ಹುಳ, ನುಸಿ ತಿನ್ನುವ ನುಸಿ, ಎಲ್ಲ ಸತ್ತವು. ಜೇಡ ನುಸಿ ಮಾತ್ರ ಹಾಗೇ ಉಳಿಯಿತು. ಹದಿನೈದು ದಿನಕ್ಕೆ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ಉದುರಿದವು. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ಬೇಲಿಯಾಚೆ ಪಕ್ಕದ ಮನೆಯವರ ಹಿಪ್ಪುನೇರಳೆ ತೋಟ. ಅವರ ರೇಷ್ಮೆ ಹುಳ ಆಗ ಮೂರನೇ ಜ್ವರ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಆ ಸೊಪ್ಪು ತಿನ್ನುತ್ತಿತ್ತು. ನನ್ನ ಕೈಯಲ್ಲಿ ಕ್ಯಾನು ನೋಡಿ ಆ ಯಜಮಾನರು ಓಡಿ ಬಂದರು. ಗಾಳಿ ಆ ಕಡೆ ಬೀಸದಿದ್ದದ್ದು ನನ್ನ ಪುಣ್ಯ. ನಿಮ್ಮ ಅಕ್ಕಪಕ್ಕದಲ್ಲೂ ರೇಷ್ಮೆ ಇದ್ದರೆ ಒಂದು ಮಾತು ಕೇಳದೆ ಏನೂ ಹೊಡೆಯಬೇಡಿ. ಬೇವಿನ ಎಣ್ಣೆ ಕೂಡ ರೇಷ್ಮೆ ಹುಳಕ್ಕೆ ಆಗಿಬರುವುದಿಲ್ಲ.

ಈಗ ಮದ್ದಿಗೆ ಬರೋಣ. ಮೊದಲ ಮದ್ದು ನೀರು. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು, ಎಲೆಯ ಅಡಿಗೆ ರಭಸವಾಗಿ ಬೀಳುವ ಹಾಗೆ ಹೊಡೆಯಿರಿ. ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ. ಬೇಸಿಗೆಯಲ್ಲಿ ನುಸಿಯ ಮೊಟ್ಟೆ ಮರಿಯಾಗಿ ಬೆಳೆದು ಮತ್ತೆ ಮೊಟ್ಟೆಯಿಡೋಕೆ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಒಂದೇ ಸಲ ತೊಳೆದು ಬಿಟ್ಟರೆ ಪ್ರಯೋಜನವಿಲ್ಲ. ಗಿಡ ಮಣ್ಣಿನ ರಸ್ತೆ ಪಕ್ಕ ಇದ್ದರೆ ಧೂಳು ಕೂತೇ ನುಸಿ ಜಾಸ್ತಿಯಾಗುತ್ತದೆ. ಬುಡ ಒಣಗಿದ ಗಿಡಕ್ಕೂ ಬೇಗ ಬೀಳುತ್ತದೆ, ಬುಡಕ್ಕೆ ಒಣ ಎಲೆ ಹೊದಿಸಿ.

ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯೋಕೆ ಸ್ವಲ್ಪ ಸೋಪಿನ ನೀರು. ಮೊದಲು ಒಂದೆರಡು ಎಲೆಗೆ ಹೊಡೆದು ಎರಡು ದಿನ ನೋಡಿ. ಸುಡದಿದ್ದರೆ ಸಂಜೆ ಹೊತ್ತು ಎಲೆಯಡಿ ಪೂರ್ತಿ ನೆನೆಯುವ ಹಾಗೆ ಹೊಡೆದು, ವಾರ ಬಿಟ್ಟು ಇನ್ನೊಮ್ಮೆ. ನೀರಲ್ಲಿ ಬೆರೆಯುವ ಗಂಧಕದ ಪುಡಿಯೂ ನುಸಿಗೆ ಒಳ್ಳೆಯದೇ, ಆದರೆ ಬಿಸಿಲು 32 ಡಿಗ್ರಿ ದಾಟಿದಾಗ ಎಲೆ ಸುಡುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಅದರ ಆಸೆ ಬಿಡಿ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡವೇ ಬೇಡ.

ಹಾಳೆ ಮೇಲೆ ಏನೂ ನಡೆಯಲಿಲ್ಲ ಅಂದರೆ ಕತೆ ಬೇರೆ. ಎಲೆಯಡಿ ಬೆರಳಾಡಿಸಿದಾಗ ಕಂದು ಪುಡಿ ಅಂಟಿದರೆ ಅದು ತುಕ್ಕು ರೋಗ. ಮಳೆಗಾಲದ ಶಿಲೀಂಧ್ರ, ಹುಳವೇ ಅಲ್ಲ. ಉದುರಿದ ಎಲೆ ಗುಡಿಸಿ ಸುಡಿ. ಚುಕ್ಕಿಯ ಬದಲು ದೊಡ್ಡ ಹಳದಿ ಮಚ್ಚೆ ಬಂದು ಎಲೆ ಸೊಟ್ಟಗಾಗಿದ್ದರೆ ಅದು ವೈರಸ್. ಅದನ್ನು ಹಬ್ಬಿಸುವ ನುಸಿ ಬೇರೆ, ಅಳತೆ ಸುಮಾರು 0.2 ಮಿಲಿಮೀಟರ್, ಬರಿಗಣ್ಣಿಗೆ ಕಾಣುವುದೇ ಇಲ್ಲ. ವೈರಸ್‌ಗೆ ಔಷಧಿಯಿಲ್ಲ. ಗಿಡ ಹಣ್ಣು ಬಿಡುತ್ತಿದ್ದರೆ ಇರಲಿ ಬಿಡಿ, ಆದರೆ ಅದರ ಕಡ್ಡಿ ಕತ್ತರಿಸಿ ಯಾರಿಗೂ ಕೊಡಬೇಡಿ.

ಹತ್ತಿಯಂತೆ ಬೆಳ್ಳಗೆ ಅಂಟಿಕೊಂಡಿದ್ದು, ಮೇಲೆ ಕೆಳಗೆ ಇರುವೆ ಸಾಲು ಇದ್ದರೆ ಹಿಟ್ಟು ತಿಗಣೆ. ಇರುವೆಗಳೇ ಅದರ ಕಾವಲುಗಾರರು, ಅದು ಸುರಿಸುವ ಸಿಹಿ ರಸಕ್ಕಾಗಿ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ಇರುವೆ ಹತ್ತುವುದು ನಿಲ್ಲುತ್ತದೆ. ಇಲ್ಲೊಂದು ಮೋಸ ಇದೆ. ತಿಗಣೆಗಿಂತ ದಪ್ಪ, ಮೈ ತುಂಬ ಬಿಳಿ ಜಡೆ, ಚುರುಕಾಗಿ ಹರಿದಾಡುವ ಮರಿ ಕಂಡರೆ ಹೊಸಕಬೇಡಿ. ಅದು ತಿಗಣೆ ತಿನ್ನುವ ಕ್ರಿಪ್ಟೊಲೇಮಸ್ ಅನ್ನುವ ಗುಲಗಂಜಿ ಹುಳದ ಮರಿ. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದು ಬಿಟ್ಟ ಜಾತಿ. ನಾನೇ ಹತ್ತಾರು ಮರಿ ಹೊಸಕಿ ಹಾಕಿದ ಮೇಲೆ ಗೊತ್ತಾಗಿದ್ದು.

ಅಂದಹಾಗೆ, ತುಂಬು ತೋಳಿನ ಅಂಗಿ ಹಾಕಿಕೊಂಡೇ ಗಿಡ ಮುಟ್ಟಿ. ಎಲೆ ಕಿತ್ತಾಗ ಒಸರುವ ಹಾಲು ಕೈಗೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಮೈ ಬೊಬ್ಬೆ ಬರುತ್ತದೆ.