ಅಪ್ಪನ ಬೆನ್ನುನೋವಿಗೆ ಟ್ರಮಡಾಲ್ ಬರೆದಿದ್ದಾರೆ. ಚಟ ಹತ್ತುವ ಮೊದಲೇ ನಿಲ್ಲಿಸಿಬಿಡಲಾ?

ಬೇಡ. ನೀವಾಗಿ ನಿಲ್ಲಿಸುವುದಂತೂ ಬೇಡವೇ ಬೇಡ.

ನಮ್ಮದು ಹೊಸನಗರದ ಕಡೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಸುಲಿದು ಅಪ್ಪಯ್ಯನ ಸೊಂಟ ಹಿಡಿದುಹೋಗಿತ್ತು. ಶಿವಮೊಗ್ಗದ ಮೂಳೆ ಡಾಕ್ಟರು ಇದೇ ಮಾತ್ರೆ ಬರೆದರು. ತಿಂಗಳುಗಟ್ಟಲೆ ತಗೊಂಡರು, ತೋಟಕ್ಕೆ ಹೋಗಿ ಬರುವಷ್ಟು ಆರಾಮಾಯ್ತು. ಆಮೇಲೆ ಯಾರೋ ನೆಂಟರು ಬಂದು, 'ಅಯ್ಯೋ, ಅದು ಅಫೀಮಿನ ಜಾತಿಯ ಮಾತ್ರೆ ಮಾರಾಯ್ರೆ' ಅಂದರು. ಅವತ್ತೇ ಸ್ಟ್ರಿಪ್ ಬಚ್ಚಲ ಒಲೆಗೆ ಹೋಯಿತು.

ಮರುದಿನ ಶುರುವಾಯ್ತು ನೋಡಿ. ಮೈಕೈ ನೋವು, ಬೆವರು, ಚಳಿ, ಮೂಗು ಸೋರುವುದು, ಭೇದಿ. ರಾತ್ರಿಯಿಡೀ ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ. ಫೆಬ್ರವರಿ ತಿಂಗಳು. ಆ ಹೊತ್ತಲ್ಲಿ ಮೈಕೈ ನೋವು ಅಂದರೆ ನಮ್ಮ ಕಡೆ ಮೊದಲು ಹೆದರುವುದು ಮಂಗನ ಕಾಯಿಲೆಗೆ, ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರಕ್ಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅಪ್ಪಯ್ಯ ದರಗು (ಒಣಗಿದ ಎಲೆ) ಗುಡಿಸುವವರ ಜೊತೆ ಕಾಡಿಗೆ ಹೋಗಿದ್ದರು ಬೇರೆ. ಥರ್ಮಾಮೀಟರ್ ಇಟ್ಟರೆ ಜ್ವರವೇ ಇಲ್ಲ! ಆದರೂ ರಕ್ತ ಕೊಟ್ಟು ರಿಪೋರ್ಟಿಗೆ ಕಾದೆವು.

ಎಡವಿದ್ದು ಇಲ್ಲೇ. ಆಸ್ಪತ್ರೆಯಲ್ಲಿ 'ಯಾವ ಮಾತ್ರೆ ತಗೋತಿದ್ದಾರೆ?' ಅಂತ ಕೇಳಿದರು. 'ಈಗ ಯಾವುದೂ ಇಲ್ಲ' ಅಂದೆವು. ಸುಳ್ಳೇನಲ್ಲ, ನಿಲ್ಲಿಸಿಯಾಗಿತ್ತಲ್ಲ. ಆದರೆ ಏನು ನಿಲ್ಲಿಸಿದ್ದೀರಿ ಅಂತ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹಳೇ ಚೀಟಿಯೂ ಮನೆಯಲ್ಲೇ ಇತ್ತು. ಕೊನೆಗೆ ಮೂಳೆ ಡಾಕ್ಟರಿಗೆ ಫೋನ್ ಮಾಡಿದಾಗ ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮತ್ತೆ ಅದೇ ಮಾತ್ರೆ ಶುರು ಮಾಡಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು. ಎರಡನೇ ಸಲ ಏನೂ ತೊಂದರೆಯಾಗಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಚಟದ ಚಿಂತೆಯೇ ಜಾಸ್ತಿ. ಚಟ ಹತ್ತುವವರೂ ಇದ್ದಾರೆ, ಇಲ್ಲ ಅನ್ನಲ್ಲ. 2018ರಿಂದ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯಡಿ ತಂದಿರುವುದು ಅದಕ್ಕೇ. ಆದರೆ ಬಿಟ್ಟಾಗ ಮೈ ಚಡಪಡಿಸಿದ ಮಾತ್ರಕ್ಕೆ ಚಟ ಅಂತಲ್ಲ. ದಿನಾ ತಗೊಂಡರೆ ಯಾರ ಮೈಯಾದರೂ ಒಗ್ಗಿಕೊಳ್ಳುತ್ತದೆ. ನೀವು ಹೆದರಬೇಕಾದ್ದು ಬೇರೆ. ಅಪ್ಪ ನಿದ್ದೆಗೆ ಅಂತ ಆಲ್ಪ್ರಜೋಲಾಮ್ ಏನಾದರೂ ನುಂಗುತ್ತಿದ್ದಾರಾ? ಸಂಜೆ ಒಂದು ಪೆಗ್ ಇದೆಯಾ? ಟ್ರಮಡಾಲ್ ಜೊತೆ ಇವು ಸೇರಿದರೆ ಉಸಿರಾಟವೇ ಕುಗ್ಗಬಹುದು. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಫಿಟ್ಸ್ ಬರಬಹುದು. ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನೂ ಹೇಳಿ. ಮನೆಯಲ್ಲಿರುವ ಸ್ಟ್ರಿಪ್ಪುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಎಷ್ಟು ದಿನ, ಹೇಗೆ ಬಿಡಿಸುತ್ತೀರಿ ಅಂತ ಅಲ್ಲೇ ಕೇಳಿ. ಮಲ ಕಟ್ಟುತ್ತದೆ, ಅದಕ್ಕೂ ಔಷಧಿ ಬರೆಸಿಕೊಳ್ಳಿ.

ಮಾತ್ರೆ ಉಳಿದರೆ ಪಕ್ಕದ ಮನೆಯವರಿಗೆ ಕೊಡಬೇಡಿ. ಅವರಿಗೂ ಸೊಂಟನೋವು ಇದ್ದೇ ಇರುತ್ತದೆ, ಕೇಳೇ ಕೇಳುತ್ತಾರೆ.