ಶಟ್‌ಡೌನ್ ಮಾಡಿದ್ದೇನೆ ಅಂದರೂ ಐಟಿಯವರು ರೀಸ್ಟಾರ್ಟ್ ಮಾಡಿ ಅನ್ನುವುದೇಕೆ?

ದಿನಾ ಶಟ್‌ಡೌನ್ ಮಾಡಿಯೇ ಮನೆಗೆ ಹೋಗುತ್ತೇನೆ, ಆದರೂ ಐಟಿಯವರು ನಂಬುವುದಿಲ್ಲ ಎಂದು ಕೇಳಿದ್ದೀರಿ. ಇಲ್ಲಿ ಇಬ್ಬರದೂ ಸರಿ.

ವಿಂಡೋಸ್ 8ರಿಂದ, ಅಂದರೆ 2012ರಿಂದ, ಕಂಪ್ಯೂಟರ್ ಬೇಗ ಆನ್ ಆಗಲೆಂದು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವೊಂದು ಇದೆ. ಅದು ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ನಿಮ್ಮ ಪ್ರೋಗ್ರಾಂಗಳೇನೋ ಮುಚ್ಚುತ್ತವೆ. ಆದರೆ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳು (ಪ್ರಿಂಟರ್, ವೈಫೈಯಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಇದ್ದ ಸ್ಥಿತಿ ಡಿಸ್ಕ್‌ನಲ್ಲಿ ಉಳಿಯುತ್ತದೆ. ಮರುದಿನ ಅದೇ ವಾಪಸ್ ಬರುತ್ತದೆ, ಕೆಟ್ಟು ಕೂತಿದ್ದ ಡ್ರೈವರ್ ಸಮೇತ! ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಇದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದರೆ ನಿಮಗೆ ಸಿಟ್ಟು ಬರುತ್ತಿರಲಿಲ್ಲ, ಅಲ್ವಾ? ಕಾರಣ ಹೇಳದೆ ಸುಮ್ನೆ ಆದೇಶ ಕೊಡುವುದು ಐಟಿಯವರ ದೊಡ್ಡ ತಪ್ಪು ಅಂತ ನನ್ನ ಅನಿಸಿಕೆ.

ನಮ್ಮ ಕಡೆಯೂ ಒಂದು ತಪ್ಪಿದೆ. 'ಕಂಪ್ಯೂಟರ್ ಕೆಟ್ಟಿದೆ' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಏನು ಮಾಡಲು ಹೊರಟಿದ್ದಿರಿ, ಪರದೆಯ ಮೇಲೆ ಏನು ಬಂತು, ನಿನ್ನೆ ಸರಿ ಇತ್ತಾ, ಪಕ್ಕದವರಿಗೂ ಹೀಗೇ ಆಗುತ್ತಿದೆಯಾ, ಇಷ್ಟು ಬರೆಯಿರಿ. ಕೊನೆಯ ಪ್ರಶ್ನೆಗೆ ಬೆಲೆ ಜಾಸ್ತಿ: ಎಲ್ಲರಿಗೂ ಆಗುತ್ತಿದ್ದರೆ ಅವರು ನೆಟ್‌ವರ್ಕ್ ಅಥವಾ ಸರ್ವರ್ ನೋಡುತ್ತಾರೆ. ನಿಮಗೊಬ್ಬರಿಗೇ ಆದರೆ ನಿಮ್ಮ ಯಂತ್ರ ಅಥವಾ ಖಾತೆ ನೋಡುತ್ತಾರೆ. ಎರರ್ ಸಂದೇಶ ಬಂದರೆ ಮುಚ್ಚುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.